ಬರ್ಫದೊಳಗಿನ ಓಣಿಗಳು

ಸಂಗಯ್ಯ ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದರು. ವೇದಿಕೆಯ ಮೇಲೆ ಅವರ ಹಳೆಯ ವಿದ್ಯಾರ್ಥಿನಿ ಬನಶಂಕರಿ, "ಬರ್ಫ ಅಂದ್ರ ಏನು ಅಂತ ನನಗ ಮೊದಲ ಕಲಿಸಿದವರು ಇಲ್ಲೇ ಕುಂತಾರ" ಅನ್ನುವವರೆಗೆ ಬಂದಿದ್ದಳು, ಅಷ್ಟೆ. ಆದರೆ ಆ ಮಾತಿಗಾಗಿ ಮಾಸ್ತರರು ಕಾದಿದ್ದ ಕಾಲದಲ್ಲಿ ಬಾದಾಮಿಯ ಬಂಡೆ ಕೊರೆದು ಇನ್ನೊಂದು ಗವಿ ಎಬ್ಬಿಸಬಹುದಿತ್ತು, ಒಳಗಿನ ಮೂರ್ತಿಗಳ ಸಮೇತ. ಬಿಳಿ ಅಂಗಿಗೆ ನಾಲ್ಕು ಸಲ ಇಸ್ತ್ರಿಯಾಗಿತ್ತು. ಸನ್ಮಾನಕ್ಕೆ ಹೊದಿಸುವ ಶಾಲು ಜಾರಬಾರದೆಂದು ಮನೆಯಲ್ಲಿ ಟವೆಲ್ ಹೊದ್ದು ಕನ್ನಡಿಯ ಮುಂದೆ ತಾಲೀಮೂ ನಡೆದಿತ್ತು.

"ದಸ್ತಗೀರಬಿ ಅಮ್ಮಾ, ಮುಂದ ಬರ್ರಿ" ಅಂದಳು ಬನಶಂಕರಿ.

ಅರ್ಧ ಎದ್ದ ಮನುಷ್ಯನ ಪಾಡು ಶತ್ರುವಿಗೂ ಬೇಡ. ಕೂತರೆ ಸೋತಂತೆ, ಎದ್ದರೆ ಯಾಕೆ ಎದ್ದಿರಿ ಎಂದು ಕೇಳುತ್ತಾರೆ. ಮಾಸ್ತರರು ಕತ್ತೆತ್ತಿ ಫ್ಯಾನು ನೋಡಿದರು. ಪಕ್ಕದಲ್ಲಿದ್ದ ಹೆಡ್‌ಮಾಸ್ತರ ಅನಿಲಕುಮಾರರಿಗೆ, ಗಾಳಿ ಭಾಳ ಆಯಿತು, ಸ್ವಲ್ಪ ಕಡಿಮೆ ಮಾಡಿಸಿರಿ ಎಂದರು. ಆ ಫ್ಯಾನು ತಿರುಗಿ ನಾಲ್ಕು ವರ್ಷವಾಗಿತ್ತು.

ದಸ್ತಗೀರಬಿ ಹಿಂದಿನ ಬಾಗಿಲಿನಿಂದ ಬಂದಳು. ಇಳಕಲ್ಲಿನ ಈ ಹೈಸ್ಕೂಲಿನ ಗೇಟಿನ ಮುಂದೆ ಮೂವತ್ತು ವರ್ಷದಿಂದ ಐಸ್‌ಕ್ಯಾಂಡಿ ಮಾರುವ ಮುದುಕಿ. ಅವಳ ಕ್ಯಾಂಡಿ ತಿಂದು ಕೆಂಪಾದ ನಾಲಿಗೆಗಳನ್ನೆಲ್ಲ ಸಾಲಾಗಿ ಹಾಸಿದರೆ ಕೂಡಲಸಂಗಮ ಮುಟ್ಟಿ ವಾಪಸ್ ಬರಬಹುದು. ಬನಶಂಕರಿ ತನ್ನಪ್ಪನ ಮಗ್ಗದ ಮೇಲೆ ನೇಯಿಸಿದ ಕೆಂಪು ಸೆರಗಿನ ಸೀರೆಯನ್ನು ಅವಳ ಹೆಗಲಿಗೆ ಹೊದಿಸಿ, ಕಾಲು ಮುಟ್ಟಿದಳು. ದಸ್ತಗೀರಬಿ ಮಾತ್ರ ಬಾಗಿಲ ಕಡೆ ನೋಡುತ್ತ, "ಗಾಡಿ ಬಿಸಲಾಗ ಐತೆವ್ವ, ಲಗೂ ಮುಗಸು" ಅಂದಳು.

ಸಭೆ ನಕ್ಕಿತು. ಮಾಸ್ತರರ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಅದರ ಮೇಲೆ ಒಂದು ಕಡಾಯಿ ಇಟ್ಟಿದ್ದರೆ ಇಳಕಲ್ಲು, ಹುನಗುಂದ ಎರಡೂ ಊರಿಗೆ ಮಿರ್ಚಿ ಕರಿಯಬಹುದಿತ್ತು.

ಕಿಚ್ಚಿಗೆ ಕಾರಣವಿತ್ತು. ದಕ್ಷಿಣ ಧ್ರುವದ ಸಮುದ್ರಕ್ಕೆ ಹಡಗಿನಲ್ಲಿ ಹೋಗಿ, ಹೆಪ್ಪುಗಟ್ಟಿದ ನೀರನ್ನು ಕೊರೆದು ತಂದ ಬನಶಂಕರಿಯ ಫೋಟೋ ಪೇಪರಿನಲ್ಲಿ ಬಂದ ದಿನವೇ ಮಾಸ್ತರರು ಅದನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ ಜೇಬಿಗಿಟ್ಟಿದ್ದರು. ಇಳಕಲ್ಲಿನಿಂದ ಕುಳಗೇರಿ ಕ್ರಾಸಿನವರೆಗೆ ಆ ಫೋಟೋ ನೋಡದ ಬಸ್ ಕಂಡಕ್ಟರ್ ಉಳಿದಿರಲಿಲ್ಲ. ಈಕೆಗೆ ವಿಜ್ಞಾನ ಕಲಿಸಿದವನು ನಾನು ಎಂಬ ಮಾತನ್ನು ಕ್ಷೌರದಂಗಡಿಯಲ್ಲಿ, ದವಾಖಾನೆಯಲ್ಲಿ, ಒಂದು ಸಲ ಯಾರದೋ ಮಣ್ಣಿಗೆ ಹೋದಾಗ ಸುಡುಗಾಡಿನಲ್ಲಿಯೂ ಹೇಳಿದ್ದರು. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು. ಇಪ್ಪತ್ತೊಂಬತ್ತು ವರ್ಷದ ಪಾಠಕ್ಕೆಲ್ಲ ಸೇರಿ ಅವರಿಗೆ ಬೇಕಾಗಿದ್ದದ್ದು ಆ ಹುಡುಗಿಯ ಬಾಯಿಂದ ತಮ್ಮ ಹೆಸರು, ಅದೊಂದೇ.

ಬನಶಂಕರಿ ಮುಂದೆ ಮಾತಾಡಿದಳು. ಸಮುದ್ರದ ನೀರು ಗಟ್ಟಿಯಾಗುವಾಗ ಹರಳುಗಳು ಉಪ್ಪನ್ನು ಹೊರಗೆ ದಬ್ಬುತ್ತವೆ, ಆದರೆ ಎಲ್ಲ ಉಪ್ಪೂ ಹೊರಗೆ ಹೋಗುವುದಿಲ್ಲ. ಒಂದಷ್ಟು ಕೂದಲೆಳೆಯಂಥ ಸಂದಿಗಳಲ್ಲಿ ಸಿಕ್ಕಿಬೀಳುತ್ತದೆ. ಅದರ ಜೊತೆ ಸಮುದ್ರದ ಗೊಬ್ಬರವೂ ಸಿಗುತ್ತದೆ: ನೈಟ್ರೇಟು, ಫಾಸ್ಫೇಟು, ಚಿಟಿಕೆ ಕಬ್ಬಿಣ. ಅದನ್ನುಂಡು ಪಾಚಿ ಬೆಳೆದು ಬರ್ಫದ ಹೊಟ್ಟೆ ಕಂದಾಗುತ್ತದೆ. ಸತ್ತ ಪಾಚಿಯನ್ನು ಕಣ್ಣಿಗೆ ಕಾಣದ ಜೀವಿಗಳು ಕೊಳೆಸಿ ಮತ್ತೆ ಗೊಬ್ಬರ ಮಾಡುತ್ತವೆ. ಬಿಸಿಲು ಬಂದು ಬರ್ಫ ಸೋರತೊಡಗಿದರೆ ಕೆಳಗಿನ ಸಮುದ್ರಕ್ಕೆ ಹಬ್ಬ. ನೀರಿನ ಪಾಚಿ, ಅದನ್ನು ತಿನ್ನುವ ಸೀಗಡಿಯಂಥ ಹುಳ, ಆ ಹುಳ ತಿನ್ನುವ ತಿಮಿಂಗಿಲ, ಎಲ್ಲಕ್ಕೂ ಊಟ. ಇಷ್ಟು ಹೇಳಿ ಅವಳು ಗಾಡಿಯಿಂದ ತರಿಸಿದ ಒಂದು ಕೆಂಪು ಕ್ಯಾಂಡಿಯನ್ನು ಐನೂರು ಜನರ ಮುಂದೆ ಸಂಕೋಚವಿಲ್ಲದೆ ಚೀಪಿ, ಬೆಳ್ಳಗಾದ ತುದಿಯನ್ನು ಎತ್ತಿ ತೋರಿಸಿದಳು.

"ಬಣ್ಣ ಸಂದಿನ್ಯಾಗ ಇತ್ತು, ಅದಕ್ಕ ಮೊದಲ ಬಂತು. ಎಂಟನೇ ಇಯತ್ತೆದಾಗ ಇದನ್ನ ಪರೀಕ್ಷಾದಾಗೂ ಬರದಿದ್ದೆ" ಎಂದು ನಕ್ಕು, ಪರದೆಯ ಮೇಲಿನ ಮುಂದಿನ ಚಿತ್ರಕ್ಕೆ ಹೋದಳು.

ಮಾಸ್ತರರು ಆ ಮಾತನ್ನು ಕೇಳಿದರೋ ಇಲ್ಲವೋ. ಅವರ ಕಣ್ಣು ಮೊದಲ ಸಾಲಿನಲ್ಲಿ ಕೂರಿಸಿದ್ದ ದಸ್ತಗೀರಬಿಯ ಹೆಗಲ ಮೇಲಿತ್ತು.

ರಾತ್ರಿ ರೊಟ್ಟಿ ಮುರಿಯಲಿಲ್ಲ. ಎಣ್ಣೆಗಾಯಿ ಪಲ್ಯ ಹಾಗೇ ಉಳಿಯಿತು. ಹೆಂಡತಿ ಶೀಲಾ ಏನಾಯಿತೆಂದು ಮೂರು ಸಲ ಕೇಳಿದ ಮೇಲೆ ಬಾಯಿ ಬಿಟ್ಟರು.

"ಘನ, ದ್ರವ, ಅನಿಲ ಕಲಿಸಿದಾಂವ ನಾ. ಶಾಲು ಹೊಚಗೊಂಡಾಕಿ ಬರ್ಫ ಮಾರಾಕಿ."

"ಶಾಲಲ್ರೀ ಅದು, ಸೀರಿ. ನಿಮಗ ಕೊಟ್ಟಿದ್ರ ಉಟಗೋತಿದ್ರೇನು?" ಎಂದಳು ಶೀಲಾ, ಮತ್ತು ಪಲ್ಯಕ್ಕೆ ತಟ್ಟೆ ಮುಚ್ಚಿಟ್ಟಳು.

ಮರುದಿನ ಮಧ್ಯಾಹ್ನ, ಬಿಸಿಲಿಗೆ ಕಾಗೆಗಳು ಕೂಡ ಚಪ್ಪಲಿ ಕೇಳುವ ಹೊತ್ತಿನಲ್ಲಿ, ಮಾಸ್ತರರು ಗೇಟು ದಾಟಿ ಗಾಡಿಯ ಹತ್ತಿರ ಹೋದರು. ಮುದುಕಿಯ ಮೌಖಿಕ ಪರೀಕ್ಷೆ ತೆಗೆದುಕೊಳ್ಳುವುದೆಂದು ರಾತ್ರಿಯೇ ನಿರ್ಧಾರವಾಗಿತ್ತು. ಇಂಥ ಹಟ ಮಹಾಕೂಟದ ಮಂಗಗಳಲ್ಲೂ ಕಾಣುವುದಿಲ್ಲ. ಸೀರೆ ಗಾಡಿಯಲ್ಲೇ ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್ ಡಬ್ಬಿಯ ಹಿಡಿಕೆಗೆ ಕಟ್ಟಿದ್ದಳು.

"ಏನವಾ, ನೀರಿನ ಘನೀಭವನ ಬಿಂದು ಎಷ್ಟು?"

"ಅದು ನನ್ನ ಕಡೆ ಇಲ್ರಿ ಸರ. ಕೆಂಪಂದು ಐತಿ, ಕಾಲಾಖಟ್ಟಾ ಐತಿ."

ಮಾಸ್ತರರಿಗೆ ಗೆದ್ದಷ್ಟು ಸಂತೋಷವಾಯಿತು. ಗೆದ್ದವನ ಔದಾರ್ಯದಲ್ಲಿ ಒಂದು ಕೆಂಪು ಕ್ಯಾಂಡಿ ಕೊಂಡು, ಇಷ್ಟೂ ಗೊತ್ತಿಲ್ಲದೆ ಆ ಹುಡುಗಿಗೆ ಏನು ಕಲಿಸಿದೆ ಎಂದು ಕೇಳಿದರು.

"ಕಲಸಾಕ ನಾ ಏನ್ ಸಾಲಿ ಕಲ್ತಾಕೆನ್ರಿ?" ದಸ್ತಗೀರಬಿ ಡಬ್ಬಿ ಮುಚ್ಚಿ ಗೋಣಿತಟ್ಟು ಹೊದಿಸಿದಳು. "ಭಾಳ ಖೋಡಿ ಇತ್ರಿ ಅದು. ಒಂದ ಕಡ್ಡಿ ಅರ್ಧಾ ತಾಸ ಚೀಪೂದು. ಬಣ್ಣ ಯಾಕ ಮೊದಲ ಬರ್ತೈತಿ, ಬಿಳೇದು ಯಾಕ ಉಳೀತೈತಿ ಅಂತ ತಲಿ ತಿಂತಿತ್ತು. ಬರ್ಫಿನ್ಯಾಗ ನಮ್ಮೂರಾಗಿನಂಗ ಓಣಿ ಇರ್ತಾವವ್ವ, ಸಕ್ರಿ, ಬಣ್ಣ ಎಲ್ಲಾ ಆ ಓಣ್ಯಾಗ ಮನಿ ಮಾಡಿರ್ತಾವ, ನೀ ಚೀಪಿದ್ರ ಮನಿ ಬಿಟ್ಟ ಬರ್ತಾವ ಅಂದೆ. 'ನಮ್ಮ ಸರಗ ಹೇಳ್ತೇನಿ' ಅಂತ ಓಡಿ ಹೋತು."

"ಮುಂದ?"

"ಮುಂದ ಪರೀಕ್ಷಾದ ಪೇಪರ್ ಕೊಟ್ಟ ದಿನ ಅಳಕೋತ ಬಂತ್ರಿ. ಯಾಕ ಅಂದ್ರ ಹೇಳ್ಲಿಲ್ಲ. ನಿನ್ನೆ ಮತ್ತ ಕೇಳ್ದೆ, ನಕ್ಕ ಬಿಡ್ತು, ಆವತ್ತಿನ ಮಾತ್ ಯಾಕಮ್ಮಾ ಅಂತು." ಅವಳು ಕೈಯನ್ನು ಹಣೆಗೆ ಅಡ್ಡ ಹಿಡಿದು ಅವರನ್ನು ನೋಡಿದಳು. "ಆವತ್ತ ಸಾಲ್ಯಾಗ ಏನಾಗಿತ್ರಿ ಸರ?"

ಮಾಸ್ತರರ ಕಣ್ಣ ಮುಂದೆ ಬಂದದ್ದು ಆವತ್ತಿನ ಬಿಳಿ ಹಾಳೆ. ಅದರ ಮೇಲೆ ಒಂದು ಚೌಕ, ಚೌಕದೊಳಗೆ ಕೆಂಪು ಪೆನ್ಸಿಲಿನ ಸಣ್ಣ ಸಣ್ಣ ಗೆರೆಗಳು. ಉಪ್ಪುನೀರು ಬರ್ಫವಾದರೆ ಉಪ್ಪು ಸಂದಿಯೊಳಗೆ ಇರುತ್ತದೆ ಎಂದು ಕೆಳಗೆ ಗುಂಡಗಿನ ಅಕ್ಷರ. ಅದರ ಪಕ್ಕ ತಮ್ಮದೇ ಕೈಯ ಸೊನ್ನೆ. ಆ ಸೊನ್ನೆ ಎಷ್ಟಿರಬೇಕೋ ಅಷ್ಟೇ ಇತ್ತು, ದೊಡ್ಡದು ಮಾಡಿ ಹೇಳುವ ಅಗತ್ಯವಿಲ್ಲ. ಹಾಳೆಯನ್ನು ಇಡೀ ವರ್ಗಕ್ಕೆ ಎತ್ತಿ ತೋರಿಸಿ, ಬರ್ಫ ಗಟ್ಟಿಯಾದರೆ ಶುದ್ಧ ನೀರು, ಅದರೊಳಗೆ ಮತ್ತೇನೂ ಉಳಿಯುವುದಿಲ್ಲ ಎಂದಿದ್ದರು. ಇದು ಸಾಲಿ, ಬರ್ಫದ ಗಾಡಿ ಗೇಟಿನ ಹೊರಗೈತಿ ಎಂದೂ ಅಂದಿದ್ದರು. ಮಕ್ಕಳು ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕಿದ್ದರು.

ನಿನ್ನೆ ಅವಳು ವೇದಿಕೆಯ ಮೇಲೆ ಪರೀಕ್ಷೆಯ ಮಾತು ತೆಗೆದು, ನಕ್ಕು, ಮುಂದಿನ ಚಿತ್ರಕ್ಕೆ ಹೋದದ್ದು ಅವರಿಗೆ ಈಗ ಕೇಳಿಸಿತು.

"ಸರ, ಸೋರಾಕತ್ತೈತಿ, ತಿನ್ರಿ" ಅಂದಳು ದಸ್ತಗೀರಬಿ.

ಕೆಂಪು ಹನಿ ನಾಲ್ಕು ಸಲ ಇಸ್ತ್ರಿ ಕಂಡ ನಿನ್ನಿನ ಅಂಗಿಯ ತೋಳಿನ ಮೇಲೆ ಬಿದ್ದು ಹರಡಿತು. ಮಾಸ್ತರರು ಒರೆಸಿಕೊಳ್ಳಲಿಲ್ಲ.

"ಆಕಿ ಉತ್ತರ ಬರೋಬರಿ ಇತ್ತು" ಎಂದರು.

"ಯಾವುದ್ರಿ?"

ಮಾಸ್ತರರು ನೆಲ ನೋಡಿದರು. ಗೇಟಿನ ಕಂಬದ ಬುಡದಿಂದ ಇರುವೆಗಳು ಸಾಲು ಹಿಡಿದು ಹೊರಟಿದ್ದವು. ಮಣ್ಣಿನ ಮೇಲೆ ಮೊದಲು ಬಿದ್ದ ಹನಿಯ ಸುತ್ತ ಆಗಲೇ ಹತ್ತಿಪ್ಪತ್ತು ಸೇರಿದ್ದವು, ಹಿಂದೆ ಇನ್ನೂ ಬರುತ್ತಿದ್ದವು. ಮಾಸ್ತರರು ಕೈಯನ್ನು ಒಂದಿಷ್ಟು ಮುಂದೆ ಚಾಚಿ, ಕಡ್ಡಿಯನ್ನು ಅವುಗಳ ಮೇಲೆ ಸರಿಯಾಗಿ ಹಿಡಿದು, ಬರ್ಫ ಬೆಳ್ಳಗಾಗುವವರೆಗೂ ಅಲುಗಾಡದೆ ನಿಂತರು.