ತಾಯಿ ಬಾಟಲಿ

ಮಾವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮನೆಯ ಅನ್ನವೂ ಆ ಮೂಗಿನಿಂದಲೇ ಬರುತ್ತಿದ್ದುದರಿಂದ ಯಾರೂ ತಕರಾರು ಮಾಡುತ್ತಿರಲಿಲ್ಲ. ಹೊರಗಿನಿಂದ ವಿಸ್ಕಿ ತರಿಸಿ ಮಾರುವ ಕಂಪನಿಯೊಂದರಲ್ಲಿ ಅವರು ಇಪ್ಪತ್ತೆರಡು ವರ್ಷಗಳಿಂದ ಮುಖ್ಯ ಪರೀಕ್ಷಕರು. ಅಮೆರಿಕದ್ದನ್ನೂ ಐರ್ಲೆಂಡಿನದನ್ನೂ ಮೂಸಿ, ಬಾಯಲ್ಲಿ ಆಡಿಸಿ, ಬಕೆಟ್ಟಿಗೆ ಉಗಿದು, ನೂರಕ್ಕೆ ಇಷ್ಟು ಎಂದು ಅಂಕ ಹಾಕುವುದು ಅವರ ಕೆಲಸ. ಈ ತಿಂಗಳ ಕೊನೆಗೆ ನಿವೃತ್ತಿ.

ಅವರ ಅಕ್ಕನ ಮಗಳು ಹನ್ನೊಂದು ವರ್ಷದಿಂದ ಪಕ್ಕದ ಕುರ್ಚಿಯಲ್ಲಿ ಕೂತು ಉಗಿಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿದವರು ಮಾವನೇ. ಅಡುಗೆಮನೆಯ ಡಬ್ಬಿಗಳ ಮುಂದೆ ಕಣ್ಣು ಕಟ್ಟಿ ನಿಲ್ಲಿಸಿ ವಾಸನೆ ಕಲಿಸಿದವರೂ ಅವರೇ. ಸಕ್ಕರೆಗೂ ವಾಸನೆ ಇದೆ ಎಂದು ಅವಳು ಒಪ್ಪಿಕೊಳ್ಳುವವರೆಗೆ ಊಟಕ್ಕೆ ಬಿಟ್ಟಿರಲಿಲ್ಲ.

ದೊಡ್ಡ ಕುರ್ಚಿ ಅವಳಿಗೇ ಸಿಗಬೇಕೆಂದು ಮಾವನ ಆಸೆ. ಮಾಲೀಕರು ಒಂದು ಷರತ್ತು ಹಾಕಿದ್ದರು. ಶುಕ್ರವಾರ ತಮ್ಮ ಮುಂದೆಯೇ ಇಬ್ಬರೂ ಬೇರೆ ಬೇರೆ ಮೇಜಿನಲ್ಲಿ ಹನ್ನೆರಡು ಗ್ಲಾಸು ಪರೀಕ್ಷಿಸಬೇಕು. ಯಾವ ಗ್ಲಾಸಿನಲ್ಲೂ ಇಬ್ಬರ ಅಂಕ ಮೂರಕ್ಕಿಂತ ಹೆಚ್ಚು ವ್ಯತ್ಯಾಸವಾಗಬಾರದು. ಹಾಗೇನಾದರೂ ಆದರೆ ಕುರ್ಚಿಗೆ ಹೊರಗಿನವರು ಬರುತ್ತಾರೆ, ಅವಳು ಲೇಬಲ್ ವಿಭಾಗಕ್ಕೆ ಹೋಗುತ್ತಾಳೆ. ಅಲ್ಲಿ ಮೂಗಿಗೆ ಸಿಗುವುದು ಅಂಟಿನ ವಾಸನೆಯೊಂದೇ.

ಅವಳಿಗೆ ಹೆದರಿಕೆಯೇನೂ ಇರಲಿಲ್ಲ, ತಾಯಿ ಬಾಟಲಿ ಇತ್ತಲ್ಲ. ಅದು ಮಾವ ಕೆಲಸಕ್ಕೆ ಸೇರಿದ ದಿನ ತೆರೆದ ಐರಿಷ್ ವಿಸ್ಕಿ. ದಿನಾ ಬೆಳಿಗ್ಗೆ ಅದರ ಒಂದು ಚಮಚವನ್ನು ನೀಲಿ ಗ್ಲಾಸಿಗೆ ಹಾಕಿ, ಅಷ್ಟೇ ನೀರು ಬೆರೆಸಿ, ಮೂಗನ್ನು ಸರಿಮಾಡಿಕೊಳ್ಳುವುದು. ಅದಕ್ಕೆ ಎಂಬತ್ತು ಅಂಕ, ಗೆರೆ ಕೊರೆದ ಹಾಗೆ. ಉಳಿದ ವಿಸ್ಕಿಗಳೆಲ್ಲ ಅದಕ್ಕಿಂತ ಮೇಲೆ, ಇಲ್ಲವೇ ಕೆಳಗೆ. ಅದರ ಜೊತೆಗೇ ಕೊಂಡಿದ್ದ ಇನ್ನೊಂದು ಬಾಟಲಿ ಸೀಲ್ ಒಡೆಯದೆ ಬೀರುವಿನಲ್ಲಿತ್ತು.

"ಒಂದೇ ಬಾಟಲಿ, ಇಪ್ಪತ್ತೆರಡು ವರ್ಷ. ಹಾಗೆ ಹಿಡಿತದಲ್ಲಿ ಬಳಸಿದೀನಿ," ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ದಿನಕ್ಕೊಂದು ಚಮಚ ತೆಗೆದರೆ ಒಂದು ಬಾಟಲಿ ಐದು ತಿಂಗಳಿಗೆ ಖಾಲಿ. ಬಂದವರಲ್ಲಿ ಎಂಜಿನಿಯರುಗಳಿದ್ದರು, ಒಬ್ಬರು ಗಣಿತದ ಮೇಷ್ಟರೂ ಇದ್ದರು. ಎಲ್ಲರೂ ತಲೆದೂಗಿ ಹೋಗಿದ್ದರು.

ಮಂಗಳವಾರ ಅವಳು ಅರ್ಧ ಗಂಟೆ ಬೇಗ ಬಂದಳು. ಗ್ಲಾಸು ತೊಳೆಯುವ ಹೆಂಗಸು, ಎಲ್ಲರೂ ಲೋಟದಕ್ಕ ಎನ್ನುವವಳು, ತಾಯಿ ಬಾಟಲಿಗೆ ಆಲಿಕೆ ಇಟ್ಟು ಏನನ್ನೋ ಸುರಿಯುತ್ತಿದ್ದಳು.

"ಏನಕ್ಕ ಅದು?"

"ನಿನ್ನೆ ಮಿಕ್ಕಿದ್ದು ಕಣಮ್ಮ. ಎಂಜಲಲ್ಲ, ಮತ್ತೆ ನೋಡೋಕೆ ಬೇಕಾಗ್ಬೋದು ಅಂತ ಮುಟ್ಟದೆ ಇಟ್ಟಿರ್ತೀರಲ್ಲ, ಆ ಎರಡನೇ ಗ್ಲಾಸಿಂದು."

"ಯಾವತ್ತಿಂದ ಹಾಕ್ತಿದೀಯ?"

"ಮೊದಲಿಂದ್ಲೂ. ಬಾಟಲಿ ಕೆಳಗಿಳಿದ್ರೆ ಸಾಹೇಬ್ರ ಮುಖಾನೂ ಇಳಿಯೋದು. ಪಾಪ ಅನ್ನಿಸ್ತು."

ಅವಳು ಒಂದು ತೊಟ್ಟು ತೆಗೆದು ಮೂಸಿದಳು. ಹನ್ನೊಂದು ವರ್ಷದಿಂದ ಐರಿಷ್ ಎಂದು ನಂಬಿದ್ದ ವಾಸನೆಯಲ್ಲಿ ಈಗ ಅಮೆರಿಕ ಎದ್ದು ನಿಂತಿತು: ಮೆಕ್ಕೆಜೋಳದ ಸಿಹಿ, ಸುಟ್ಟ ಹೊಸ ಪೀಪಾಯಿ, ವೆನಿಲ್ಲಾ. ದಿನಕ್ಕಿಷ್ಟಿಷ್ಟೇ ಬದಲಾಗಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ, ಜೊತೆಯಲ್ಲೇ ಇರುವ ಮಗು ಬೆಳೆದದ್ದು ಗೊತ್ತಾಗದ ಹಾಗೆ. ಇದಕ್ಕೆ ಹೋಲಿಸಿ ಹೋಲಿಸಿ ಮಾವ ಎಷ್ಟೋ ಒಳ್ಳೆಯ ಐರಿಷ್ ವಿಸ್ಕಿಗಳಿಗೆ 'ಸಪ್ಪೆ' ಎಂದು ಬರೆದು ವಾಪಸು ಕಳಿಸಿದ್ದರು.

ಹೇಳಿದರೆ ಮಾವನ ಇಪ್ಪತ್ತೆರಡು ವರ್ಷ ಬಕೆಟ್ಟಿಗೆ ಹೋದಂತೆ. ಹೇಳದೆ, ಇದೇ ಬಾಟಲಿಗೆ ಹೋಲಿಸಿ ಅಂಕ ಹಾಕಿದರೆ ಕುರ್ಚಿ ಅವಳದು. ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದಳು. ಮಾವ ಅದನ್ನು ಪರೀಕ್ಷೆಯ ಭಯ ಎಂದುಕೊಂಡು, "ಶುಕ್ರವಾರದವರೆಗೆ ಈರುಳ್ಳಿ ಮುಟ್ಟಬೇಡ," ಎಂದರು.

ಶುಕ್ರವಾರ ಹತ್ತು ಗಂಟೆಗೆ ಮಾಲೀಕರು ಬಂದು ಕೂತರು. ಅವರು ಸುಗಂಧ ಹಚ್ಚಿಕೊಂಡಿದ್ದರು. ಮಾವ ಅವರನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ ಕಿಟಕಿ ತೆಗೆದರು.

ಮೊದಲ ಐದು ಗ್ಲಾಸುಗಳಿಗೆ ಅವಳು ತಾಯಿ ಬಾಟಲಿಗೆ ಹೋಲಿಸಿಯೇ ಅಂಕ ಹಾಕಿದಳು. ಕೈ ಸರಾಗವಾಗಿ ಓಡಿತು. ಆರನೆಯದು ಐರಿಷ್. ಮುಚ್ಚಳ ತೆಗೆದದ್ದೇ ತಡ, ತೊಳೆದ ಬಾರ್ಲಿ, ಆಗಷ್ಟೇ ಕೊಯ್ದ ಹಸಿರು ಸೇಬು. ಏನೂ ಮುಚ್ಚಿಡದ ವಿಸ್ಕಿ ಅದು. ಮಾವ ಎಷ್ಟು ಕೊಡುತ್ತಾರೆಂದು ಅವಳಿಗೆ ಗೊತ್ತಿತ್ತು: ಅರವತ್ತೆಂಟು, ಷರಾ 'ಸಪ್ಪೆ'. ಅರವತ್ತೆಂಟು ಎಂದು ಬರೆಯಲು ಹೋದಳು, ಆಗಲಿಲ್ಲ. ಹೀಗೆ ಸುಳ್ಳು ಬರೆಯಲಿಕ್ಕೇನು ಮಾವ ತನ್ನ ಕಣ್ಣು ಕಟ್ಟಿ ನಿಲ್ಲಿಸಿದ್ದು? ಎಂಬತ್ತೊಂಬತ್ತು ಎಂದು ಬರೆದಳು. ಮುಂದಿನವಕ್ಕೂ ತನ್ನ ಮೂಗು ಹೇಳಿದ್ದನ್ನೇ ಬರೆದಳು.

ಮಾಲೀಕರು ಎರಡೂ ಹಾಳೆ ಹಿಡಿದು ಓದಿದರು. ಆರನೆಯದಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. "ಇವರದು ಅರವತ್ತೆಂಟು. ನಿಮ್ಮದು ಎಂಬತ್ತೊಂಬತ್ತು."

ಮಾವನ ಮುಖ ಕೆಂಪೇರಿತು. "ನೆಗಡಿಯೇನೇ ನಿನಗೆ?"

"ಇಲ್ಲ ಮಾವ. ಬೀರುವಿನಲ್ಲಿರೋ ಬಾಟಲಿ ಸೀಲ್ ಒಡೀರಿ."

ಅವಳು ಅವರಿಗೆ ಎದುರು ಹೇಳಿದ್ದು ಅದೇ ಮೊದಲು. ಮಾವ ಅವಳ ಮುಖವನ್ನೇ ನೋಡಿದರು. ಆಮೇಲೆ ಬೀರು ತೆಗೆದು, ಸೀಲ್ ಒಡೆದು, ಒಂದು ಚಮಚ ಹಾಕಿ ಮೂಸಿದರು. ತಾಯಿ ಬಾಟಲಿಯ ಗ್ಲಾಸನ್ನು ಮೂಸಿದರು. ಮತ್ತೆ ಇದು, ಮತ್ತೆ ಅದು. ಕೊನೆಗೆ ತಾಯಿ ಬಾಟಲಿಯ ಗ್ಲಾಸನ್ನು ದೂರ ಹಿಡಿದು, ಬಾಗಿಲಲ್ಲಿ ನಿಂತ ಅಪರಿಚಿತನನ್ನು ಕೇಳುವಂತೆ, "ಇದು ಯಾರು?" ಎಂದರು.

"ಗಾಳಿಯಾಡಿ ಕೆಟ್ಟಿರ್ಬೇಕು, ಮಾವ," ಎಂದಳು ಅವಳು, ಸಿಂಕಿನ ಕಡೆ ನೋಡದೆ.

"ಗಾಳಿಯಲ್ಲಿ ಮೆಕ್ಕೆಜೋಳ ಬೆಳೆಯಲ್ಲ. ಇದರಲ್ಲಿ ಮುಕ್ಕಾಲು ಪಾಲು ಅಮೆರಿಕದ್ದು."

"ಅಷ್ಟೊಂದಿರಲ್ಲ ಸಾಹೇಬ್ರೇ," ಸಿಂಕಿನ ಹತ್ತಿರದಿಂದ ಲೋಟದಕ್ಕ ಹೇಳಿದಳು. "ನಾನೇ ಹಾಕ್ತಿದ್ದದ್ದು. ಎರಡನ್ನೂ ಸಮ ಸಮ ಹಾಕ್ತಿದ್ದೆ, ಭೇದ ಮಾಡಿಲ್ಲ."

ಮಾವ ಬೈಯುತ್ತಾರೆ ಎಂದು ಎಲ್ಲರೂ ಕಾದರು. ಅವರು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ತಮ್ಮ ಹಾಳೆಯನ್ನು ಎಳೆದುಕೊಂಡರು. ಸೀಲ್ ಒಡೆದ ಬಾಟಲಿಗೆ ಹೋಲಿಸಿ ಹನ್ನೆರಡೂ ಗ್ಲಾಸುಗಳನ್ನು ಮೊದಲಿನಿಂದ ಮೂಸಿದರು. ಮುಕ್ಕಾಲು ಗಂಟೆ ಹಿಡಿಯಿತು. ಆರನೆಯದರ ಮುಂದೆ ಅರವತ್ತೆಂಟನ್ನು ಹೊಡೆದುಹಾಕಿ ತೊಂಬತ್ತು ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದರು. 'ಸಪ್ಪೆ' ಎಂಬುದನ್ನು ಎರಡು ಸಲ ಹೊಡೆದರು.

"ಕುರ್ಚಿ ಇವಳದು," ಎಂದರು.

"ಅಂಕ ಹೊಂದಲಿಲ್ಲವಲ್ಲ?" ಎಂದರು ಮಾಲೀಕರು.

"ಹೊಂದಿದ್ರೆ ನಾನೇ ಬೇಡ ಅಂತಿದ್ದೆ."

ಮಾಲೀಕರು ಸರಿ ಎಂಬಂತೆ ತಲೆಯಾಡಿಸಿ ಎದ್ದು ಹೋದರು. ಅವರ ಹಿಂದೆಯೇ ಅವರ ಸುಗಂಧವೂ ಹೋಯಿತು, ಸ್ವಲ್ಪ ತಡವಾಗಿ. ಮಾವ ತಾಯಿ ಬಾಟಲಿಯನ್ನು ಅವಳ ಕೈಗಿಟ್ಟರು.

"ಸುರಿದುಬಿಡು. ನನ್ನ ಕೈಲಾಗಲ್ಲ."

ಅವರು ಗೋಡೆಯ ಕಡೆ ತಿರುಗಿ ನಿಂತರು. ಅವಳು ಸಿಂಕಿನಲ್ಲಿ ನಿಧಾನವಾಗಿ ಸುರಿದಳು. ಲೋಟದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಳ ಕಾಣುವ ಹೊತ್ತಿಗೆ ಸುರಿಯುತ್ತಿದ್ದವಳ ಕೈ ತಡೆಯಿತು. ಮಾವನಿಗೆಂದು ಅಷ್ಟನ್ನು ಉಳಿಸಿ, ಸದ್ದಾಗದಂತೆ ಬಿರಡೆ ಹಾಕಿದಳು.

"ಮುಗೀತಾ?"

"ಮುಗೀತು, ಮಾವ."

ಮಾವ ತಿರುಗಲಿಲ್ಲ. ಒಮ್ಮೆ ಮೂಗೆಳೆದುಕೊಂಡರು.

"ಇಲ್ಲ. ತಳದ ವಾಸನೆ ಇನ್ನೂ ಬಂದಿಲ್ಲ."

ಅವಳಿಗೆ ಅಳು ನುಗ್ಗಿ ಬಂತು. ಬಿರಡೆ ತೆಗೆದು ಅದನ್ನೂ ಸುರಿದಳು.

"ಹ್ಞಾಂ," ಎಂದರು ಮಾವ. "ಈಗ ಬಂತು."