ವ್ಯಾನಿಗೆ ಬಿಡುವವರು

ಬೆಳ್ತಂಗಡಿಯ ಶಾಲೆಗೆ ಹೋಗುವ ವಿಷಯ ಯಾರಿಗೂ ಹೇಳಬಾರದೆಂದು ವಾರಿಜ ಗಂಡನಿಗೆ ತಾಕೀತು ಮಾಡಿದ್ದಳು. ಅವಳು ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ದೊಡ್ಡ ಮಗಳು ಮೋಕ್ಷಿತಾ ಅದೇ ಶಾಲೆಯ ಮೂರನೇ ತರಗತಿ. ಚಿಕ್ಕವಳು ಹರ್ಷಿತಾ ಜೂನ್‌ನಲ್ಲಿ ಒಂದನೆಗೆ ಸೇರಬೇಕು. ಇಬ್ಬರನ್ನೂ ಬೆಳ್ತಂಗಡಿಯ ಇಂಗ್ಲಿಷ್ ಮೀಡಿಯಂಗೆ ಹಾಕುವ ಮಾತು ಮನೆಯಲ್ಲಿ ನಡೆದಿತ್ತು. ಶಾಲೆಯಲ್ಲಿ ಮಕ್ಕಳು ಇನ್ನೂ ಕಡಿಮೆಯಾದರೆ ಒಬ್ಬರೇ ಅಡುಗೆಯವರು ಸಾಕು ಎಂದು ಮೇಲಿನವರು ಹೇಳುತ್ತಾರೆ. ಆಗ ಹೋಗಬೇಕಾದವರು ಅಡುಗೆಯ ಇಬ್ಬರಲ್ಲಿ ಆಮೇಲೆ ಸೇರಿದ ಮೈಮೂನಮ್ಮ. ಮೈಮೂನಮ್ಮನ ಗಂಡ ತೀರಿಕೊಂಡಾಗ ಓಡಾಡಿ ಆ ಕೆಲಸ ಕೊಡಿಸಿದ್ದು ವಾರಿಜಳೇ.

ಶುಕ್ರವಾರ ಶಾಲೆಯ ಅಡುಗೆ ಕೋಣೆಯಲ್ಲಿ ಅಕ್ಕಿ ಆರಿಸುತ್ತಾ ವಾರಿಜ ಹೇಳಿದಳು, "ನಾಳೆ ನಾನು ಬರುವುದಿಲ್ಲ. ಮದುವೆ ಉಂಟು."

"ಎಲ್ಲಿ?" ಮೈಮೂನಮ್ಮ ಕೇಳಿದಳು.

"ಪುತ್ತೂರಿನ ಹತ್ತಿರ. ಇವರ ಅತ್ತೆಯ ಕಡೆ."

"ಯಾವ ಹಾಲ್?"

ಈ ಊರಿನಲ್ಲಿ ಮದುವೆಯೆಂದು ಸುಳ್ಳು ಹೇಳುವುದು ದಡ್ಡತನ. ಪ್ರತಿ ಮದುವೆಗೂ ಊರಿನ ಅರ್ಧ ಜನ ಹೋಗಿರುತ್ತಾರೆ. ಹೋಗದವರಿಗೆ ಯಾವ ಹಾಲ್, ಪಾಯಸ ಯಾವುದು, ಎಲೆಯ ಮುಂದೆ ಎಷ್ಟು ಹೊತ್ತು ಕಾಯಬೇಕಾಯಿತು ಎಲ್ಲ ಸಂಜೆಯೊಳಗೆ ಗೊತ್ತಾಗಿರುತ್ತದೆ. ಆದರೆ ಜ್ವರವೆಂದರೆ ಜನ ಮನೆಗೇ ನೋಡಲು ಬರುತ್ತಾರೆ. ಮದುವೆಯೇ ವಾಸಿ.

"ಹಾಲ್ ಅಲ್ಲ, ಮನೆಯಲ್ಲೇ."

"ಈ ಕಾಲದಲ್ಲಿ ಮನೆಯಲ್ಲಿ ಮದುವೆಯಾ? ಧೈರ್ಯ ಉಂಟು ಅವರಿಗೆ. ಲಾಡು ಇದ್ದರೆ ನನಗೊಂದು ತಾ ಮಾರಾಯ್ತಿ."

ಸುಳ್ಳಿಗೆ ತಕ್ಕ ಬಟ್ಟೆಯೂ ಬೇಕಾಯಿತು. ಶನಿವಾರ ಬೆಳಿಗ್ಗೆ ವಾರಿಜ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಳು. ಮಕ್ಕಳಿಗೆ ಜರಿಯ ಲಂಗ. ಗಂಡ ಚಿದಾನಂದ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಮುಂದೆ ನಡೆದ. ಅವನು ರಬ್ಬರ್ ಟ್ಯಾಪಿಂಗ್ ಮಾಡುವವನು, ಮರದ ತೊಗಟೆ ಕೆತ್ತಿ ಹಾಲು ಇಳಿಸುವ ಕೆಲಸ. ತನ್ನ ಸ್ವಲ್ಪ ಮರ, ಉಳಿದದ್ದು ಬೇರೆಯವರದ್ದು. ಎಲೆ ಉದುರುವ ಕಾಲವಾದ್ದರಿಂದ ಈಗ ಮರಗಳಿಗೆ ರಜೆ, ಅವನಿಗೂ ರಜೆ. ಆ ಶಾಲೆಯ ವ್ಯಾನ್ ಬೆಳಿಗ್ಗೆ ಎಂಟೂಕಾಲಕ್ಕೆ ಕಕ್ಕಿಂಜೆಯ ರಸ್ತೆಗೆ ಬಂದು ನಿಲ್ಲುತ್ತದೆ, ಒಳಗೆ ಮನೆಯವರೆಗೆ ಬರುವುದಿಲ್ಲ. "ಅದು ಎಂತ ದೊಡ್ಡ ವಿಷಯ? ವ್ಯಾನಿಗೆ ನಾನು ಬೈಕಿನಲ್ಲಿ ಬಿಡ್ತೇನೆ" ಎಂದು ಅವನು ಒಪ್ಪಿದ್ದರಿಂದಲೇ ಮಾತು ಇಷ್ಟು ಮುಂದೆ ಬಂದದ್ದು.

ಶಾಲೆಯ ಹಾಲ್‌ನಲ್ಲಿ ಪೇಟೆಯ ತಾಯಂದಿರು ಚೂಡಿದಾರ ಹಾಕಿ, ಫೈಲ್ ಹಿಡಿದು ಕುಳಿತಿದ್ದರು. ಆಫೀಸಿನ ಹುಡುಗಿ ವಾರಿಜಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇಲ್ಲಿಂದ ಸೀದಾ ಮದುವೆಗಾ?" ಎಂದಳು. ವಾರಿಜ ಹೌದು ಎಂದಳು. ಒಂದು ಸಲ ಹೇಳಿದ ಮೇಲೆ ಎಲ್ಲರಿಗೂ ಅದನ್ನೇ ಹೇಳುವುದು ಸುಲಭ.

ಹಿಂದಿನ ಬೆಂಚಿನಲ್ಲಿ ಬಣ್ಣದ ಕಾಗದ ಸುತ್ತಿದ ಗಿಫ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಸಬೀಹಾ ಕುಳಿತಿದ್ದಳು. ಮೈಮೂನಮ್ಮನ ಸೊಸೆ. ಪಕ್ಕದಲ್ಲಿ ಮಗ ಬಾಸಿತ್, ಹೊಸ ಶೂ ಹಾಕಿ. ಇಬ್ಬರು ಹೆಂಗಸರೂ ಸ್ವಲ್ಪ ಹೊತ್ತು ಫ್ಯಾನ್ ನೋಡಿದರು.

"ನೀವು ಪುತ್ತೂರಿಗೆ ಹೋಗಿದ್ದೀರಂತೆ?" ಸಬೀಹಾ ಕೊನೆಗೆ ಕೇಳಿದಳು.

"ನೀನು ಎಲ್ಲಿಗೆ ಹೋಗಿದ್ದೀ?"

"ವಿಟ್ಲಕ್ಕೆ. ನಿಕಾಹ್."

"ಅದರೊಳಗೆ ಎಂತ ಉಂಟು?"

"ಮನೆಯದ್ದೇ ಫ್ಲಾಸ್ಕ್. ಕೈ ಬೀಸಿಕೊಂಡು ಹೊರಟರೆ ಅತ್ತೆ ಕೇಳ್ತಾರಲ್ಲ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪಕ್ಕದ ಹೆಂಗಸು ತಿರುಗಿ ನೋಡಿದಳು.

"ಜುವೈರಿಯಾ ಎಲ್ಲಿ?" ವಾರಿಜ ಕೇಳಿದಳು. ಜುವೈರಿಯಾ ಸಬೀಹಾಳ ದೊಡ್ಡ ಮಗಳು, ಮೋಕ್ಷಿತಾಳದ್ದೇ ತರಗತಿ, ಅದೇ ಬೆಂಚು.

"ಶಾಲೆಗೆ ಹೋಗಿದ್ದಾಳೆ. ಅವಳಿಗೆ ಇನ್ನು ಅಲ್ಲೇ ಸಾಕು. ಇವನಿಗೆ ಮಾತ್ರ ನೋಡುವುದು."

ಗಂಡು ಮಗನಿಗೆ ಮಾತ್ರ, ಎಂದು ವಾರಿಜ ಮನಸ್ಸಿನಲ್ಲೇ ಅವಳನ್ನು ಬೈದಳು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಪ್ರಿನ್ಸಿಪಾಲ್ ಒಳ್ಳೆಯ ಹೆಂಗಸು, ಗದರುವವರಲ್ಲ. ಹರ್ಷಿತಾಳಿಗೆ ಬಣ್ಣಗಳನ್ನು ತೋರಿಸಿ ಕೇಳಿದರು. ಅಂಗನವಾಡಿಯಲ್ಲಿ ಕಲಿತದ್ದನ್ನು ಅವಳು ಕೇಳದಿದ್ದರೂ ಹೇಳಿದಳು. ಮೋಕ್ಷಿತಾಳ ಕೈಗೆ ಇಂಗ್ಲಿಷ್ ಪುಸ್ತಕ ಕೊಟ್ಟರು. ಅವಳು ಒಂದೊಂದೇ ಅಕ್ಷರ ಕೂಡಿಸಿ ಒಂದು ಸಾಲು ದಾಟುವಾಗ ಕಿವಿ ಕೆಂಪಾಗಿತ್ತು. ನಂತರ ಇಂಗ್ಲಿಷಿನಲ್ಲೇ ಏನೋ ಕೇಳಿದರು. ಮೋಕ್ಷಿತಾ ತಾಯಿಯ ಮುಖ ನೋಡಿದಳು. ತಾಯಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಪಿಯುಸಿಯಲ್ಲಿ ಇಂಗ್ಲಿಷ್ ತಲೆಗೆ ಹತ್ತದೆ ಓದು ಬಿಟ್ಟವಳು ವಾರಿಜ. ಪ್ರಶ್ನೆ ಅವಳಿಗೂ ಅರ್ಧವೇ ಅರ್ಥವಾಗಿತ್ತು.

"ಮಗು ಚುರುಕು ಇದ್ದಾಳೆ. ಆದರೆ ನಾಲ್ಕನೆಗೆ ಕೊಡಲಿಕ್ಕೆ ಆಗುವುದಿಲ್ಲ. ಎರಡನೆಗೆ ಕೂರಿಸಬಹುದು. ಚಿಕ್ಕವಳಿಗೆ ಏನೂ ತೊಂದರೆ ಇಲ್ಲ" ಎಂದರು ಪ್ರಿನ್ಸಿಪಾಲ್. "ಸೋಮವಾರ ಸಂಜೆಯೊಳಗೆ ಹೇಳಿ. ಆಮೇಲೆ ಸೀಟು ಇರುವುದಿಲ್ಲ."

ಹೊರಗಿನ ಜಗಲಿಯಲ್ಲಿ ಚಿದಾನಂದ ಲೆಕ್ಕ ಮುಗಿಸಿಬಿಟ್ಟ. "ಚಿಕ್ಕವಳನ್ನು ಹಾಕುವ. ದೊಡ್ಡವಳು ಅಲ್ಲೇ ಇರಲಿ. ಐದು ಆದ ಮೇಲೆ ಮೂಡುಬಿದಿರೆಯ ಆ ಫೀಸಿಲ್ಲದ ಕನ್ನಡ ಹಾಸ್ಟೆಲ್ ಶಾಲೆಗೆ ಪರೀಕ್ಷೆ ಬರೆಯಲಿ. ಇವಳಿಗೆ ಸಿಗ್ತದೆ ಅಂತ ನಮ್ಮ ಶಾಲೆಯ ಹುಕ್ರಪ್ಪ ಮಾಸ್ಟ್ರೇ ಹೇಳಿದ್ದಾರಲ್ಲ."

ಇದರಲ್ಲಿ ತಪ್ಪು ಹುಡುಕಲು ವಾರಿಜಳಿಗೆ ಆಗಲಿಲ್ಲ. ಸರಿ ಎಂದಳು. ಗೇಟಿನ ಹತ್ತಿರ ಸಬೀಹಾ ಮಗನ ಕೈ ಹಿಡಿದು ಹೋಗುವುದು ಕಂಡಿತು. ಅವಳನ್ನು ಬೈದು ಅರ್ಧ ಗಂಟೆ ಆಗಿರಲಿಲ್ಲ. ಈಗ ತಾನೂ ಅದನ್ನೇ ಮಾಡಿದ್ದಳು, ನೆಪಕ್ಕೆ ಒಬ್ಬ ಗಂಡು ಮಗನೂ ಇಲ್ಲದೆ.

ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಲಾಡು ಕೊಂಡರು. ಬಸ್ಸಿನಲ್ಲಿ ಹರ್ಷಿತಾ ಎರಡು ಸಲ ವಾಂತಿ ಮಾಡಿ, ನಡುವೆ ವ್ಯಾನಿನ ಬಣ್ಣ ಯಾವುದೆಂದು ಕೇಳಿದಳು. ಮೋಕ್ಷಿತಾ ಮನೆ ಬರುವವರೆಗೆ ಕಿಟಕಿಯ ಕಡೆಗೆ ತಿರುಗಿ ಕುಳಿತಿದ್ದಳು.

ಸಂಜೆ ಲಾಡು ಕೊಟ್ಟರೆ ಬೇಡ ಎಂದಳು.

"ಸಿಟ್ಟಾ?" ವಾರಿಜ ಕೇಳಿದಳು.

"ಅಲ್ಲ."

"ನಿನಗೆ ಮೂಡುಬಿದಿರೆ ಉಂಟಲ್ಲ ಮಗಾ. ಹಾಸ್ಟೆಲ್, ದೊಡ್ಡ ಗ್ರೌಂಡ್..."

"ಜೂನಿನಲ್ಲಿ ಅಪ್ಪ ಟ್ಯಾಪಿಂಗ್‌ಗೆ ಹೋಗ್ತಾರಲ್ಲ. ಆಗ ಇವಳನ್ನು ವ್ಯಾನಿಗೆ ಬಿಡುವುದು ಯಾರು?"

ವಾರಿಜ ಗಂಡನ ಕಡೆ ನೋಡಿದಳು. ಮಳೆ ಶುರುವಾಗುವಾಗ ಮರಗಳಿಗೆ ಪ್ಲಾಸ್ಟಿಕ್ ಕಟ್ಟಿ ಕೆಲಸ ಆರಂಭಿಸುತ್ತಾರೆ. ಬೆಳಕು ಹರಿಯುವ ಮೊದಲು ಮರ ಕೆತ್ತಬೇಕು, ರಬ್ಬರ್ ಹಾಲು ಸಂಗ್ರಹಿಸಿ ಮುಗಿಯುವಾಗ ಒಂಬತ್ತಾಗುತ್ತದೆ. ವ್ಯಾನ್ ಬರುವುದು ಅದಕ್ಕೆ ಮೊದಲು, ಶಾಲೆ ಶುರುವಾಗುವುದೂ ಜೂನಿನಲ್ಲೇ. ರಬ್ಬರಿಗೆ ರಜೆ ಇರುವಾಗ ಕೊಟ್ಟ ಮಾತು ಅದು. ಚಿದಾನಂದನಿಗೆ ಅದು ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಅವಳೇ ಬಿಡೋಣವೆಂದರೆ, ಅದೇ ಹೊತ್ತಿಗೆ ದನದ ಹಾಲು ಡೈರಿಗೆ ಮುಟ್ಟಬೇಕು. ಡೈರಿ ಇರುವುದು ರಸ್ತೆಯ ಕಡೆಗಲ್ಲ, ಗುಡ್ಡದ ಆಚೆಗೆ.

"ನಾನಾ ಬಿಡುವುದು?" ಮೋಕ್ಷಿತಾ ಕೇಳಿದಳು. "ನಾನು ಬಿಡುವುದಿಲ್ಲ. ಬ್ಯಾಗೂ ಹಿಡಿಯುವುದಿಲ್ಲ."

"ಅಕ್ಕ ಅಂದ ಮೇಲೆ ಅಷ್ಟೂ ಮಾಡ್ಲಿಕ್ಕೆ ಆಗುವುದಿಲ್ವಾ?" ಚಿದಾನಂದ ಗದರಿದ.

"ಆಗುವುದಿಲ್ಲ" ಎಂದು ಅವಳು ಎದ್ದು ಹೋದಳು. ಹರ್ಷಿತಾ ಅಕ್ಕನ ಪಾಲಿನ ಲಾಡನ್ನೂ ತಿಂದಳು.

ಸೋಮವಾರ ಮೈಮೂನಮ್ಮ ಒಲೆಗೆ ಪಾತ್ರೆ ಏರಿಸಿ, ತೆಂಗಿನಕಾಯಿ ತುರಿಯಲು ಕೂತಳು. ವಾರಿಜ ಕೊಟ್ಟ ಲಾಡಿನಲ್ಲಿ ಅರ್ಧ ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿದಳು.

"ಪುತ್ತೂರಿಗೂ ವಿಟ್ಲಕ್ಕೂ ಒಬ್ಬನೇ ಅಡುಗೆಯವನಾ ವಾರಿಜಾ?"

"ಯಾಕೆ?"

"ನನ್ನ ಸೊಸೆ ತಂದದ್ದರಲ್ಲಿಯೂ ದ್ರಾಕ್ಷಿ ಇಲ್ಲ, ಇದರಲ್ಲಿಯೂ ಇಲ್ಲ. ಅವಳು ತಂದ ಪೆಟ್ಟಿಗೆಯ ಮೇಲೆ ಬೆಳ್ತಂಗಡಿಯ ಬೇಕರಿ. ನಿನ್ನ ಪೆಟ್ಟಿಗೆ ನೋಡಬೇಕಾ, ನೀನೇ ಹೇಳ್ತೀಯಾ?"

ವಾರಿಜ ಎಲ್ಲ ಹೇಳಿದಳು. ಹೇಳಿ ಮುಗಿಯುವವರೆಗೆ ಮೈಮೂನಮ್ಮ ತುರಿಯುವುದನ್ನು ನಿಲ್ಲಿಸಲಿಲ್ಲ.

"ಸುಳ್ಳು ಯಾಕೆ ಹೇಳಿದ್ದು?"

"ನಿಮಗೆ ಬೇಸರ ಆಗ್ತದೆ ಅಂತ."

"ಬೇಸರ ಈಗಲೂ ಆಯಿತು. ಅದರ ಮೇಲೆ ಲಾಡೂ ತಿಂದೆ." ಮೈಮೂನಮ್ಮ ತೆಂಗಿನ ಚಿಪ್ಪನ್ನು ಬದಿಗೆ ಎಸೆದಳು. "ನನ್ನ ಮನೆಯ ಸೊಸೆಯೇ ನನಗೆ ಹೇಳದೆ ಹೋಗಿದ್ದಾಳೆ. ನಿನ್ನನ್ನು ಎಂತ ಬೈಯುವುದು? ಹಾಕುವುದಾದರೆ ಹಾಕು. ನಾನು ಹೋದರೆ ಈ ಅನ್ನದ ಪಾತ್ರೆ ಇಳಿಸುವವಳು ನೀನೊಬ್ಬಳೇ, ಅದು ನೆನಪಿರಲಿ."

"ಹಾಕುವ ಅಂತಲೇ. ಆದರೆ ಬೆಳಿಗ್ಗೆ ರಸ್ತೆಯವರೆಗೆ ಬಿಡಲಿಕ್ಕೆ ಯಾರೂ ಇಲ್ಲ. ಬಾಸಿತ್‌ನನ್ನು ಯಾರು ಬಿಡುವುದು?"

"ಜುವೈರಿಯಾ. ಮತ್ತೆ ಯಾರು?" ಮೈಮೂನಮ್ಮನಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. "ನಿನ್ನ ಚಿಕ್ಕವಳನ್ನೂ ಅವಳ ಜೊತೆ ಕಳಿಸು. ಒಬ್ಬನನ್ನು ಕರಕೊಂಡು ಹೋಗುವವಳಿಗೆ ಇಬ್ಬರು ಭಾರ ಆಗ್ತಾರಾ? ಅವಳು ಪಾಪ, ಇಲ್ಲ ಅಂತ ಹೇಳುವವಳಲ್ಲ."

ಸಮಸ್ಯೆ ಅಲ್ಲಿಗೆ ಮುಗಿದಂತಿತ್ತು. ಚಿದಾನಂದ ಮಧ್ಯಾಹ್ನದ ಬಸ್ಸಿಗೆ ಬೆಳ್ತಂಗಡಿಗೆ ಹೋಗಿ ಸೀಟು ಗಟ್ಟಿ ಮಾಡಿ ಬಂದರಾಯಿತು. ವಾರಿಜ ಬೇಳೆ ತೊಳೆಯುತ್ತಾ ಕಿಟಕಿಯಿಂದ ನೋಡಿದಳು. ಅಂಗಳದಲ್ಲಿ ಜುವೈರಿಯಾ ಮತ್ತು ಮೋಕ್ಷಿತಾ ಕೈತೋಟಕ್ಕೆ ನೀರು ಹೊಯ್ಯುತ್ತಿದ್ದರು. ಮೋಕ್ಷಿತಾ ಕೊಡವನ್ನು ಅರ್ಧ ದಾರಿಯಲ್ಲಿ ಕೆಳಗಿಟ್ಟು, "ಇನ್ನು ನೀನು" ಎಂದು ನಿಂತುಬಿಟ್ಟಳು. ಜುವೈರಿಯಾ ಉಳಿದ ದಾರಿ ಹೊತ್ತಳು. ತನ್ನ ಮಗಳು ಆಗುವುದಿಲ್ಲವೆಂದ ಕೆಲಸವನ್ನು, ಬಾಯಿ ಬಿಡದ ಬೇರೆಯವರ ಮಗಳ ಮೇಲೆ ವಾರಿಜ ಹೊರಿಸುವುದು. ಮೋಕ್ಷಿತಾ ಅದನ್ನು ದಿನಾ ಅದೇ ಬೆಂಚಿನಲ್ಲಿ ಪಕ್ಕದಲ್ಲೇ ಕುಳಿತು ನೋಡುವುದು. ವಾರಿಜ ಕೈ ಒರೆಸಿಕೊಂಡು ಹೊರಗೆ ಬಂದು ಫೋನ್ ಮಾಡಿದಳು.

"ಬೆಳ್ತಂಗಡಿಗೆ ಹೋಗಬೇಡಿ."

"ನಿನಗೆ ತಲೆ ಸರಿ ಉಂಟಾ? ಇವತ್ತೇ ಕೊನೆಯ ದಿನ" ಎಂದ ಚಿದಾನಂದ.

"ಜೂನಿನಲ್ಲಿ ನೀವು ಟ್ಯಾಪಿಂಗ್ ಬಿಡ್ತೀರಾ?"

"ಅದು ಹೇಗೆ ಆಗ್ತದೆ?"

"ಹಾಗಾದರೆ ಬೇಡ."

"ಮತ್ತೆ ಹರ್ಷಿತಾ?"

"ಅಕ್ಕನ ಶಾಲೆಗೆ. ಇಬ್ಬರೂ ಒಂದೇ ಕಡೆ ಇರಲಿ, ಅದು ಒಳ್ಳೆಯದಾದರೂ ಕೆಟ್ಟದಾದರೂ."

ಅವನು ಏನೋ ಹೇಳಿದ. ಗುಡ್ಡದಲ್ಲಿ ಸಿಗ್ನಲ್ ಸರಿಯಿರಲಿಲ್ಲ, ಅವಳು ಫೋನ್ ಇಟ್ಟಳು.

ಅಲ್ಲಿಂದ ಸೀದಾ ಹುಕ್ರಪ್ಪ ಮಾಸ್ಟ್ರ ಕೋಣೆಗೆ ಹೋದಳು. ಅವರು ತಲೆ ಎತ್ತಿ, "ಮದುವೆ ಚೆನ್ನಾಗಿ ಆಯಿತಾ ವಾರಿಜಕ್ಕ?" ಎಂದರು.

"ಮದುವೆ ಇರಲಿಲ್ಲ ಸರ್. ಬೆಳ್ತಂಗಡಿಗೆ ಮಕ್ಕಳನ್ನು ಸೇರಿಸಲು ಹೋಗಿದ್ದೆವು."

ಮಾಸ್ಟ್ರ ಪೆನ್ನು ನಿಂತಿತು.

"ಸೇರಿಸುವುದಿಲ್ಲ. ಹರ್ಷಿತಾಳ ಹೆಸರು ಇಲ್ಲಿಯೇ ಬರೆದುಕೊಳ್ಳಿ. ಆದರೆ ಒಂದು ಮಾತು ಉಂಟು. ಮೋಕ್ಷಿತಾಳಿಗೆ ನೀವು ಇಂಗ್ಲಿಷಿನಲ್ಲಿ ಎ ಪ್ಲಸ್ ಕೊಟ್ಟಿದ್ದೀರಿ. ಅಲ್ಲಿ ಅವಳಿಗೆ ಒಂದು ಸಾಲು ನೆಟ್ಟಗೆ ಓದಲಿಕ್ಕೆ ಆಗಲಿಲ್ಲ."

"ಇಬ್ಬರೇ ಶಿಕ್ಷಕರು ಇರುವುದು. ಐದು ತರಗತಿ. ನಿಮಗೆ ತಿಳಿಯದ ವಿಷಯವೇ? ಅದರ ಮೇಲೆ ಮೀಟಿಂಗು, ಸಮೀಕ್ಷೆ..."

"ನಿಮ್ಮ ಮಗ ಉಜಿರೆಯಲ್ಲಿ ಇಂಗ್ಲಿಷ್ ಮೀಡಿಯಂ ಅಲ್ವಾ ಸರ್? ಮನೆಯಲ್ಲಿ ಅವನಿಗೆ ಓದಿಸುವವರು ಯಾರು?"

"ನಾನೇ."

"ಅವನಿಗೆ ಓದಿಸಿದ್ದನ್ನೇ ಇಲ್ಲಿಯೂ ಓದಿಸಿ. ಊಟ ಆದ ಮೇಲೆ, ಬೆಲ್ ಆಗುವವರೆಗೆ. ನಾವು ಊಟ ಬೇಗ ಬಡಿಸಿ ಮುಗಿಸ್ತೇವೆ."

ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಸಿಟ್ಟು ಬಂದಿತ್ತು, ಆದರೆ ಹರ್ಷಿತಾಳ ಹೆಸರೂ ಬೇಕಿತ್ತು. "ಪ್ರಯತ್ನಿಸುವ" ಎಂದರು.

ಜೂನಿನಲ್ಲಿ ಶಾಲೆ ಶುರುವಾಯಿತು. ಚಿದಾನಂದ ಹಣೆಗೆ ಟಾರ್ಚ್ ಕಟ್ಟಿ ಮರಗಳ ಹತ್ತಿರ ಹೋದ. ಒಂದು ವಾರ ಹೆಂಡತಿಯೊಡನೆ ಮಾತಾಡಲಿಲ್ಲ, ಆಮೇಲೆ ಹಳೆಯ ಕತ್ತಿ ಕಾಣದೆ ಮಾತಾಡಲೇಬೇಕಾಯಿತು. ಹರ್ಷಿತಾ ವ್ಯಾನಿಗಾಗಿ ಎರಡು ದಿನ ಅತ್ತಳು. ಮೈಮೂನಮ್ಮನ ಕೆಲಸದ ಬಗ್ಗೆ ಇನ್ನೂ ಆದೇಶ ಬಂದಿಲ್ಲ; ಬಂದರೆ ಬರಲಿ ಎನ್ನುತ್ತಾಳೆ, ಪೋಸ್ಟ್‌ಮ್ಯಾನ್ ಕಂಡರೆ ಸಾಕು ಅಡುಗೆ ಕೋಣೆಯಿಂದ ಹೊರಗೆ ಬರುತ್ತಾಳೆ.

ಮಾಸ್ಟ್ರ ಇಂಗ್ಲಿಷ್ ಮೊದಲ ವಾರ ದಿನಾ ನಡೆಯಿತು, ಎರಡನೆಯ ವಾರ ಮೀಟಿಂಗ್ ಇದ್ದ ದಿನ ಇರಲಿಲ್ಲ. ಮಾರನೆಯ ದಿನ ವಾರಿಜ ಸೌಟು ಹಿಡಿದೇ ತರಗತಿಯ ಬಾಗಿಲಿಗೆ ಹೋಗಿ ನಿಂತಳು. ಮಾಸ್ಟ್ರು ಪುಸ್ತಕ ತೆಗೆದರು. ಹೀಗೆ ಎಷ್ಟು ಕಾಲ ನಿಲ್ಲಬೇಕೋ ಅವಳಿಗೆ ಗೊತ್ತಿಲ್ಲ. ಬೆಳ್ತಂಗಡಿಯ ಮಕ್ಕಳಷ್ಟು ತನ್ನವರು ಕಲಿಯುತ್ತಾರೆಂಬ ಭ್ರಮೆಯೂ ಅವಳಿಗಿಲ್ಲ.

ಬೆಳಿಗ್ಗೆ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಕೂತ ಮೇಲೆ ಜುವೈರಿಯಾ ಗೇಟು ದಾಟಿ ಬರುತ್ತಾಳೆ. ತಮ್ಮನನ್ನು ವ್ಯಾನಿಗೆ ಹತ್ತಿಸಿ, ರಸ್ತೆಯಿಂದ ಮುಕ್ಕಾಲು ಗಂಟೆ ತಿರುಗಿ ನಡೆದು ಮನೆಗೆ ಹೋಗಿ, ಬ್ಯಾಗ್ ಹಿಡಿದು ಬರುವಾಗ ತಡವಾಗಿರುತ್ತದೆ. ಲಂಗ ಮಳೆಗೆ ಮೊಣಕಾಲಿನವರೆಗೆ ಒದ್ದೆ. ಅಡುಗೆ ಕೋಣೆಯಿಂದ ಅಜ್ಜಿ ಮೈಮೂನಮ್ಮ ನೋಡಿ ಒಲೆಯ ಕಡೆ ತಿರುಗುತ್ತಾಳೆ. ಮೋಕ್ಷಿತಾ ಬೆಂಚಿನಲ್ಲಿ ಒಳಗೆ ಸರಿದು ಜಾಗ ಬಿಡುತ್ತಾಳೆ.