ನೊಣ ಕೂರದ ಬಂಗುಡೆ

ನಮ್ಮೂರಿನಲ್ಲಿ ಕೂಸುಗಳ ತೂಕ ನೋಡುವ ದಿನ ಮೀನುಗಂಜಿ ಬೇಯಿಸುವವಳು ನಾನೇ. ಮೊದಲ ತುತ್ತು ನನ್ನ ಮೊಮ್ಮಗಳು ವೆನಿಂಗ್‌ಗೆ. ಅಡುಗೆಯವಳ ಮನೆಯ ಕೂಸು ತಿನ್ನದೆ ಬೇರೆ ತಾಯಂದಿರು ಬಟ್ಟಲು ಮುಟ್ಟುವುದಿಲ್ಲ. ಅಂದು ವೆನಿಂಗ್ ಅರ್ಧ ಬಟ್ಟಲು ಮುಗಿಸಿ ತುಟಿ ಚಪ್ಪರಿಸಿದಳು. ಉಳಿದವರು ಬಟ್ಟಲು ಹಿಡಿದು ಸಾಲಾಗಿ ಬಂದರು.

ಅಷ್ಟರಲ್ಲಿ ಆರೋಗ್ಯ ಇಲಾಖೆಯ ರೆತ್ನಾನಿ ಬೈಕಿನಲ್ಲಿ ಬಂದಿಳಿದಳು. ನನ್ನ ಮಗಳ ವಯಸ್ಸಿನವಳು, ನನ್ನನ್ನು ಬು, ಅಂದರೆ ಅಮ್ಮ, ಎಂದೇ ಕರೆಯುತ್ತಾಳೆ. ಆದರೂ ತಪಾಸಣೆ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಏನ್ ಹುಡುಕ್ತೀಯವ್ವ? ಇಲ್ಲಿ ನೆಲದ ಮೇಲೇ ಉಣ್ಬೌದು," ಎಂದೆ. ಬೇಯಿಸದೆ ಉಳಿದ ಬಂಗುಡೆಯ ತಟ್ಟೆ ತೋರಿಸಿದೆ. "ಮೀನು ಮಾರೋ ಕಾಸ್ಮಿ ಅಕ್ಕನ ಹತ್ರ ತಂದಿದ್ದು. ಬೆಳಿಗ್ಗೆಯಿಂದ ಇಲ್ಲೇ ಐತೆ, ಒಂದು ನೊಣಾನೂ ಕೂತಿಲ್ಲ. ಅಷ್ಟು ಶುದ್ಧ."

ರೆತ್ನಾನಿ ನಗಲಿಲ್ಲ. ಪಕ್ಕದಲ್ಲಿದ್ದ ಬಾಳೆಸಿಪ್ಪೆಗೆ ನೊಣ ಮುತ್ತಿದ್ದವು. ಅದನ್ನು ನೋಡಿದಳು, ಮೀನನ್ನು ನೋಡಿದಳು.

"ಬು ಪಾರ್ನಿ, ಬಡಿಸ್ಬೇಡಿ. ಯಾರಾದ್ರೂ ತಿಂದ್ರಾ?"

ನಾನು ವೆನಿಂಗ್‌ಳ ಕಡೆ ತಿರುಗಿದೆ. ವೆನಿಂಗ್‌ಳ ಗಲ್ಲಕ್ಕೆ ಗಂಜಿ ಅಂಟಿತ್ತು.

ರೆತ್ನಾನಿ ಮೀನಿನ ಚೂರನ್ನು ಬಿಸಿನೀರಿನಲ್ಲಿ ಕಿವುಚಿ, ಆ ನೀರನ್ನು ಗಾಜಿನ ಕೊಳವೆಗೆ ಸುರಿದು, ಔಷಧಿಯ ಹನಿ ಬಿಟ್ಟಳು. "ನೇರಳೆ ಬಣ್ಣ ಬಂದ್ರೆ ಫಾರ್ಮಾಲಿನ್ ಹಾಕಿದಾರೆ ಅಂತ. ಹೆಣ ಕೆಡದೇ ಇರ್ಲಿ ಅಂತ ಹಾಕ್ತಾರಲ್ಲ, ಅದು."

"ನೊಣಕ್ಕಿರೋ ಬುದ್ಧಿ ನಮ್ ಪಾರ್ನಿಗೆ ಇಲ್ಲ," ಎಂದು ಸಾಲಿನಲ್ಲಿದ್ದ ಒಬ್ಬಳು ಹೇಳಿದಳು. ಬೇರೆ ದಿನವಾಗಿದ್ದರೆ ಅವಳ ಜುಟ್ಟು ಹಿಡಿಯುತ್ತಿದ್ದೆ.

ನೀರು ನೇರಳೆಯಾಯಿತು.

ಕಾಸ್ಮಿಯ ಕೈ ಮುರಿಯುತ್ತೇನೆ ಎನ್ನಲು ಬಾಯಿ ತೆರೆದೆ. ವೆನಿಂಗ್‌ಳನ್ನು ಎಳೆದುಕೊಂಡು ಅವಳ ಬಾಯಿಗೆ ಬೆರಳು ಹಾಕಿದೆ. ರೆತ್ನಾನಿ ನನ್ನ ಮುಂಗೈ ಹಿಡಿದಳು.

"ವಾಂತಿ ಮಾಡಿಸ್ಬೇಡಿ, ಗಂಟಲು ಸುಡುತ್ತೆ. ಬೈಕ್ ಹತ್ತಿ, ಆಸ್ಪತ್ರೆಗೆ ಹೋಗೋಣ."

"ಏನೂ ಆಗಲ್ಲ ಅಲ್ವಾ?"

"ತಿಂದಿರೋದು ಸ್ವಲ್ಪ," ಎಂದಳು. ಆದರೆ ರಸ್ತೆಯ ಗುಂಡಿಗಳಲ್ಲೂ ವೇಗ ತಗ್ಗಿಸಲಿಲ್ಲ.

ಗದ್ದೆಗಳು ಮುಗಿಯುವ ಹೊತ್ತಿಗೆ ವೆನಿಂಗ್‌ಳ ತಲೆ ನನ್ನ ತೋಳಿನ ಮೇಲೆ ವಾಲಿತು. ಉಂಡ ಮೇಲೆ ಅವಳು ದಿನವೂ ನಿದ್ದೆ ಹೋಗುತ್ತಾಳೆ. ಅದು ನನಗೆ ಗೊತ್ತು. ಆದರೂ ತೊಡೆಯನ್ನು ಚಿವುಟಿದೆ. ಅತ್ತಳು. ಅಳು ನಿಂತಿತು. ಮತ್ತೆ ಚಿವುಟಿದೆ.

"ಬು, ಮಗೂಗೆ ನೋವಾಗುತ್ತೆ."

"ಅಳ್ಲಿ," ಎಂದೆ. "ನೀನು ಗಾಡಿ ಓಡ್ಸು."